ಹಬ್ಬದ ಮನೆಯಲ್ಲಿ ಸುಟ್ಟ ಗಾಯ: ಮೊದಲ ಇಪ್ಪತ್ತು ನಿಮಿಷ

ದೀಪಾವಳಿ ಎಂದರೆ ಬಿಸಿಯ ಹಬ್ಬ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು ನೀರು ತುಂಬುತ್ತೇವೆ. ನರಕ ಚತುರ್ದಶಿಯ ನಸುಕಿನಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಹಬೆಯಾಡುವ ನೀರು ಹುಯ್ದುಕೊಳ್ಳುತ್ತೇವೆ. ಅಡುಗೆಮನೆಯಲ್ಲಿ ಕಜ್ಜಾಯದ ಬಾಣಲೆ, ಹೊಸಿಲಲ್ಲಿ ಹಣತೆ, ಅಂಗಳದಲ್ಲಿ ಪಟಾಕಿ. ಹೀಗೆ ಮೂರು ದಿನವೂ ಮನೆಯ ಒಂದಲ್ಲ ಒಂದು ಮೂಲೆಯಲ್ಲಿ ಬೆಂಕಿ ಇದ್ದೇ ಇರುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಮಕ್ಕಳ ಕಡೆ ಗಮನ ಮಾತ್ರ ಎಂದಿಗಿಂತ ಕಡಿಮೆ.

ದೀಪಾವಳಿಯ ಅಪಾಯ ಎಂದೊಡನೆ ನಮಗೆ ನೆನಪಾಗುವುದು ಪಟಾಕಿ. ಆದರೆ ನಮ್ಮಂಥ ವೈದ್ಯರ ಬಳಿ ಬರುವವರಲ್ಲಿ ಬಿಸಿನೀರು ಚೆಲ್ಲಿಕೊಂಡ ಮಗು, ಕಾದ ಎಣ್ಣೆ ಸಿಡಿದ ಗೃಹಿಣಿ, ಸ್ನಾನದ ಮನೆಯಲ್ಲಿ ಜಾರಿ ಬಿದ್ದ ಅಜ್ಜಿ ಕೂಡ ಇರುತ್ತಾರೆ. ಇವರನ್ನು ಕರೆತರುವ ಮನೆಯವರು ಸಾಮಾನ್ಯವಾಗಿ ಬೇಗನೇ ಬರುತ್ತಾರೆ. ಆದರೆ ಬರುವ ಮೊದಲು ಗಾಯದ ಮೇಲೆ ಏನನ್ನಾದರೂ ಮೆತ್ತಿರುತ್ತಾರೆ. ಸುಟ್ಟ ಗಾಯ ಎಷ್ಟು ಆಳಕ್ಕಿಳಿಯುತ್ತದೆ, ಕಲೆ ಎಷ್ಟು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ನಮ್ಮ ಬಳಿ ಬರುವ ಮುಂಚೆಯೇ, ಮನೆಯ ನಲ್ಲಿಯ ಬಳಿ ತೀರ್ಮಾನವಾಗುತ್ತದೆ.

ಮೊದಲ ಮದ್ದು ನಲ್ಲಿ ನೀರು

ಬಿಸಿ ವಸ್ತುವಿನಿಂದ ಕೈ ಹಿಂದೆಗೆದೊಡನೆ ಸುಡುವುದು ನಿಂತಿತು ಎಂದು ಭಾವಿಸಬೇಡಿ. ಚರ್ಮದೊಳಗೆ ಸೇರಿದ ಶಾಖ ಇನ್ನೂ ಕೆಲವು ನಿಮಿಷ ಒಳಪದರಗಳನ್ನು ಬೇಯಿಸುತ್ತಲೇ ಇರುತ್ತದೆ. ಈ ಶಾಖವನ್ನು ಹೊರಗೆಳೆಯುವ ಅತ್ಯುತ್ತಮ ಸಾಧನ ಹರಿಯುವ ತಣ್ಣೀರು. ನಲ್ಲಿಯ ಕೆಳಗೆ ಸುಟ್ಟ ಭಾಗವನ್ನು ಹಿಡಿದು ಪೂರಾ 20 ನಿಮಿಷ ಬಿಡಬೇಕು. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಬಕೆಟ್ಟಿನಿಂದ ಚೆಂಬಿನಲ್ಲಿ ನಿಧಾನವಾಗಿ ಸುರಿಯುತ್ತಿರಿ. ತಡವಾಯಿತೆಂದು ಬಿಡಬೇಡಿ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ನೀರು ಹಾಕಿದರೂ ಪ್ರಯೋಜನವುಂಟು. ಬೇಗ ಹಾಕಿದಷ್ಟೂ ಒಳ್ಳೆಯದು.

ಇದರ ಜತೆಗೆ ಮಾಡಬೇಕಾದ್ದು ಇಷ್ಟೇ:

1. ಬಳೆ, ಉಂಗುರ, ವಾಚು, ಕಾಲ್ಗೆಜ್ಜೆಗಳನ್ನು ತಕ್ಷಣ ತೆಗೆಯಿರಿ. ಊತ ಬಂದ ಮೇಲೆ ಅವು ಬರುವುದಿಲ್ಲ, ರಕ್ತಸಂಚಾರಕ್ಕೆ ಅಡ್ಡಿಯಾಗುತ್ತವೆ.

2. ಬಿಸಿನೀರಿನಲ್ಲಿ ನೆನೆದ ಬಟ್ಟೆಯನ್ನು ಬಿಚ್ಚಿರಿ. ಚರ್ಮಕ್ಕೆ ಕರಗಿ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಎಳೆಯಬೇಡಿ. ಅದರ ಸುತ್ತ ಕತ್ತರಿಸಿ ಹಾಗೆಯೇ ಬಿಡಿ.

3. ಮಕ್ಕಳಲ್ಲಿ ಗಾಯವನ್ನಷ್ಟೇ ತಂಪು ಮಾಡಿ, ಉಳಿದ ಮೈಯನ್ನು ಹೊದಿಕೆಯಿಂದ ಬೆಚ್ಚಗಿಡಿ. ಎಳೆಯ ಮಗುವಿನ ಮೈ ಬಹುಬೇಗ ತಣ್ಣಗಾಗುತ್ತದೆ.

4. ನಂತರ ಒಗೆದು ಒಣಗಿಸಿದ ಹಳೆಯ ಹತ್ತಿಬಟ್ಟೆಯ ತುಂಡನ್ನು ಸಡಿಲವಾಗಿ ಹೊದಿಸಿರಿ. ಬಿಡಿ ಹತ್ತಿಯನ್ನು ಇಡಬಾರದು, ಅದರ ಎಳೆಗಳು ಗಾಯಕ್ಕೆ ಅಂಟುತ್ತವೆ.

ಏನನ್ನು ಹಚ್ಚಕೂಡದು?

ಟೂತ್‌ಪೇಸ್ಟ್, ಇಂಕು, ಅರಿಶಿನ, ಬೆಣ್ಣೆ, ಕೊಬ್ಬರಿ ಎಣ್ಣೆ, ದೋಸೆ ಹಿಟ್ಟು, ಕಾಫಿ ಪುಡಿ, ಮೊಟ್ಟೆಯ ಬಿಳಿ ಲೋಳೆ - ಈ ಪಟ್ಟಿಗೆ ಕೊನೆಯಿಲ್ಲ. ಹಚ್ಚಿದೊಡನೆ ತಣ್ಣಗೆನಿಸುವುದು ನಿಜ. ಆದರೆ ಒಳಗಿನ ಶಾಖ ಹೊರಬರಲು ಇವು ಅಡ್ಡಿ ಮಾಡುತ್ತವೆ, ಸೋಂಕಿಗೆ ದಾರಿ ಮಾಡಿಕೊಡುತ್ತವೆ. ಇಂಕು, ಅರಿಶಿನ ಹಚ್ಚಿದರೆ ಗಾಯದ ಬಣ್ಣವೇ ಮುಚ್ಚಿಹೋಗುತ್ತದೆ. ಬಣ್ಣ ಕಾಣದಿದ್ದರೆ ಗಾಯ ಎಷ್ಟು ಆಳ ಎಂದು ವೈದ್ಯರು ಅಂದಾಜು ಮಾಡುವುದು ಕಷ್ಟ. ಒಣಗಿ ಗಟ್ಟಿಯಾದ ಪೇಸ್ಟನ್ನು ಉಜ್ಜಿ ತೆಗೆಯುವಾಗ ಮಗು ಪಡುವ ಯಾತನೆ ಸುಟ್ಟಾಗಿನದಕ್ಕಿಂತ ಕಡಿಮೆಯೇನಲ್ಲ.

ಮಂಜುಗಡ್ಡೆಯೂ ಬೇಡ. ಅತಿಯಾದ ಚಳಿ ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಹೆಚ್ಚಿಸುತ್ತದೆ. ಬೊಕ್ಕೆ ಎದ್ದರೆ ಸೂಜಿಯಿಂದ ಚುಚ್ಚಬೇಡಿ. ಬೊಕ್ಕೆಯ ಮೇಲಿನ ಚರ್ಮವೇ ಗಾಯಕ್ಕೆ ಸ್ವಚ್ಛವಾದ ಪಟ್ಟಿ ಇದ್ದಂತೆ.

ಸ್ನಾನದ ಮನೆ

60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಸುಮಾರು 5 ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನು ಆಳವಾಗಿ ಸುಡಬಲ್ಲದು. ಮಕ್ಕಳ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಕಿಲ್ಲ. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು, ಅನಂತರ ಬಿಸಿನೀರು ಬೆರೆಸಿರಿ. ಬಿಸಿನೀರಿನ ಪಾತ್ರೆಯನ್ನು ಹೊತ್ತು ನಡುಮನೆ ದಾಟುವಾಗ ಮಕ್ಕಳು ಅಡ್ಡ ಬಾರದಂತೆ ಒಬ್ಬರು ನೋಡಿಕೊಳ್ಳಲಿ. ನೀರು ಕಾಯಿಸುವ ವಿದ್ಯುತ್ ರಾಡ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಹಬ್ಬದ ದಿನ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಎಣ್ಣೆಸ್ನಾನ ಮಾಡುತ್ತಾರೆ. ಚಳಿಯೆಂದು ಕಿಟಕಿ ಮುಚ್ಚಿರುತ್ತದೆ, ಗೀಸರ್ ಎಡೆಬಿಡದೆ ಉರಿಯುತ್ತಿರುತ್ತದೆ. ಹೀಗಾದಾಗ ಕೊನೆಗೆ ಸ್ನಾನಕ್ಕೆ ಹೋದವರಿಗೆ ಅಪಾಯ ಹೆಚ್ಚು. ಆ ಕೊನೆಯವರು ಸಾಮಾನ್ಯವಾಗಿ ಎಲ್ಲರಿಗೂ ಎಣ್ಣೆ ಒತ್ತಿ ಮುಗಿಸಿದ ಮನೆಯ ತಾಯಿ. ಗೀಸರನ್ನು ಸ್ನಾನದ ಮನೆಯ ಹೊರಗೆ ಕೂರಿಸುವುದೇ ಕ್ಷೇಮ. ಈಗಾಗಲೇ ಒಳಗಿದ್ದರೆ ಬಕೆಟ್ಟುಗಳಿಗೆ ನೀರು ತುಂಬಿಕೊಂಡು, ಗೀಸರ್ ಆರಿಸಿ, ಕಿಟಕಿ ಬಾಗಿಲು ತೆರೆದು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಕುಳಿತುಕೊಳ್ಳಿ. ಒಳಗಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಎನಿಸಿದರೆ ತಕ್ಷಣ ಹೊರಬರಬೇಕು. ಕೂಗಿದರೂ ಉತ್ತರ ಬಾರದಿದ್ದರೆ ಬಾಗಿಲು ಮುರಿಯಲು ಹಿಂಜರಿಯಬೇಡಿ.

ವಯಸ್ಸಾದವರ ವಿಷಯದಲ್ಲಿ ಒಂದು ಮಾತು. ಎಣ್ಣೆ ಬಿದ್ದ ನೆಲದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗಬಹುದು. ಅವರಿಗೆ ಕುಳಿತು ಸ್ನಾನ ಮಾಡಲು ಸ್ಟೂಲು ಹಾಕಿ, ನೆಲವನ್ನು ಸೀಗೆಪುಡಿ ಹಾಕಿ ಉಜ್ಜಿರಿ.

ಅಡುಗೆಮನೆ

ಮೈ ಸುಟ್ಟರೆ ನೀರು ಹಾಕಿರಿ ಎಂದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಮಾತ್ರ ನೀರು ಹಾಕಲೇಬಾರದು. ನೀರು ಕ್ಷಣದಲ್ಲಿ ಹಬೆಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆ ಅಥವಾ ಮುಚ್ಚಳದಿಂದ ಬಾಣಲೆ ಮುಚ್ಚಿರಿ. ಗಾಳಿ ಸಿಗದೆ ಬೆಂಕಿ ತಾನಾಗಿ ಆರುತ್ತದೆ. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಬೇಡಿ. ಕರಿಯುವಾಗ ರೇಷ್ಮೆ, ನೈಲಾನ್ ಸೀರೆ ಬೇಡ, ಹತ್ತಿಯದನ್ನುಟ್ಟು ಸೆರಗು ಬಿಗಿದುಕೊಳ್ಳಿ.

ಉಟ್ಟ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿಯಿಂದ ಉರಿ ಹೆಚ್ಚುತ್ತದೆ, ನಿಂತರೆ ಮುಖದ ಕಡೆಗೆ ಏರುತ್ತದೆ. ನೆಲಕ್ಕೆ ಮಲಗಿ ಉರುಳಬೇಕು. ಹತ್ತಿರವಿದ್ದವರು ದಪ್ಪ ಕಂಬಳಿ ಹೊದಿಸಿ ಆರಿಸಿ, ಆಮೇಲೆ ಕಂಬಳಿ ತೆಗೆದು ನೀರು ಹಾಕಿರಿ.

ಅಂಗಳ

ಪಟಾಕಿ ಮನೆಗೆ ಬರುವ ಮುಂಚೆಯೇ ಜೀವ ತೆಗೆಯಬಲ್ಲದು. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಿದ ಬೆಂಕಿಗೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದದ್ದನ್ನು ನೀವು ಇದೇ ಪತ್ರಿಕೆಯಲ್ಲಿ ಓದಿದ್ದೀರಿ. ಮನೆಯಲ್ಲಿ ಪಟಾಕಿ ಕೂಡಿಡಬೇಡಿ, ಅಡುಗೆಮನೆ ಹಾಗೂ ದೇವರ ದೀಪದಿಂದ ದೂರವಿಡಿ. ಸುಪ್ರೀಂ ಕೋರ್ಟು 2018ರ ತೀರ್ಪಿನಲ್ಲಿ ಹಸಿರು ಪಟಾಕಿಗೆ ಮಾತ್ರ ಅನುಮತಿ ನೀಡಿ, ದೀಪಾವಳಿಗೆ ರಾತ್ರಿ 8ರಿಂದ 10ರ ಸಮಯ ಗೊತ್ತುಮಾಡಿತು. ಹಸಿರು ಪಟಾಕಿಯಲ್ಲಿ ಹೊಗೆ ಕಡಿಮೆ ಇರಬಹುದು, ಸುಡುವುದರಲ್ಲಿ ಏನೂ ಕಡಿಮೆಯಿಲ್ಲ.

ನಿರುಪದ್ರವಿ ಎಂದು ನಾವು ಮೂರು ವರ್ಷದ ಮಗುವಿನ ಕೈಗೂ ಕೊಡುವ ಸುರ್‌ಸುರ್‌ಬತ್ತಿಯ ತುದಿ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆರಿದ ಮೇಲೂ ಅದರ ತಂತಿ ಬರಿಗಾಲಿನ ಮಗುವನ್ನು ಸುಡುತ್ತದೆ. ಉರಿದ ಕಡ್ಡಿಗಳನ್ನು ನೀರಿನ ಬಕೆಟ್ಟಿಗೇ ಹಾಕಿಸಿರಿ. ಠುಸ್ಸೆಂದ ಪಟಾಕಿಯ ಮೇಲೆ ಬಾಗಿ ನೋಡಬೇಡಿ. ಸ್ವಲ್ಪ ಹೊತ್ತು ಬಿಟ್ಟು, ದೂರದಿಂದಲೇ ನೀರು ಸುರಿಯಿರಿ. ಬಾಟಲಿ, ತೆಂಗಿನ ಚಿಪ್ಪು, ಡಬ್ಬಗಳಲ್ಲಿಟ್ಟು ಸಿಡಿಸಿದರೆ ಅವುಗಳ ಚೂರುಗಳು ಗುಂಡಿನಂತೆ ಹಾರುತ್ತವೆ. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಉಳಿದ ಪಟಾಕಿ ಆಯ್ದು, ಮದ್ದನ್ನು ಕಾಗದಕ್ಕೆ ಸುರಿದು ಕಡ್ಡಿ ಗೀರುವ ಹುಡುಗರನ್ನು ತಡೆಯುವವರೇ ಇರುವುದಿಲ್ಲ. ಆ ಹೊತ್ತಿನಲ್ಲೂ ಅವರ ಮೇಲೆ ಒಂದು ಕಣ್ಣಿರಲಿ. ಅಸ್ತಮಾ ಇರುವವರು ಹೊಗೆಯ ಹೊತ್ತಿನಲ್ಲಿ ಒಳಗಿರಬೇಕು, ಇನ್‌ಹೇಲರ್ ಕೈಯಳತೆಯಲ್ಲಿರಬೇಕು.

ಕಣ್ಣಿಗೆ ಏಟಾದರೆ

ಪಟಾಕಿಯಿಂದ ಕಣ್ಣಿಗೆ ಪೆಟ್ಟು ತಿನ್ನುವವರಲ್ಲಿ ಹಚ್ಚಿದವರಷ್ಟೇ ಅಲ್ಲ, ದೂರ ನಿಂತು ನೋಡುತ್ತಿದ್ದವರೂ ದಾರಿಹೋಕರೂ ಇರುತ್ತಾರೆ. ಬರೀ ಬೂದಿ, ಮದ್ದಿನ ಪುಡಿ ಬಿದ್ದಿದ್ದರೆ ಕಣ್ಣನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಏನಾದರೂ ಚುಚ್ಚಿದ್ದರೆ ಅಥವಾ ರಕ್ತ ಬರುತ್ತಿದ್ದರೆ ತೊಳೆಯಬಾರದು, ಉಜ್ಜಬಾರದು, ಒತ್ತಬಾರದು, ಚುಚ್ಚಿದ್ದನ್ನು ಕೀಳಬಾರದು. ಕಾಗದದ ಲೋಟವೊಂದನ್ನು ಕಣ್ಣಿನ ಗುಡ್ಡೆಗೆ ತಾಗದಂತೆ ಬೋರಲಾಗಿರಿಸಿ, ಅಂಚಿಗೆ ಪಟ್ಟಿ ಅಂಟಿಸಿ ಕರೆದೊಯ್ಯಿರಿ. ಔಷಧಿ ಅಂಗಡಿಯಿಂದ ತಂದ ಹನಿ ಹಾಕಬೇಡಿ. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಕೊಡಬೇಡಿ. ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರಿರಬಹುದು. "ಬೆಳಿಗ್ಗೆ ನೋಡೋಣ" ಎಂದು ಮಲಗಿಸಬೇಡಿ.

ಆಸ್ಪತ್ರೆಗೆ ಯಾವಾಗ?

ರೋಗಿಯ ಬೆರಳುಗಳೂ ಸೇರಿದಂತೆ ಅವರದೇ ಅಂಗೈಯನ್ನು ಅಳತೆಯಾಗಿಟ್ಟುಕೊಳ್ಳಿ. ಅದು ಮೈಯ ಸುಮಾರು ನೂರನೇ ಒಂದು ಭಾಗ. ಅದಕ್ಕಿಂತ ದೊಡ್ಡ ಬೊಕ್ಕೆ ಎದ್ದಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗ ಸುಟ್ಟಿದ್ದರೆ, ಮಗು ಅಥವಾ ಮುದುಕರಾಗಿದ್ದರೆ, ವಿದ್ಯುತ್ತಿನಿಂದ ಸುಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ನೋವಿಲ್ಲವೆಂದು ಸಮಾಧಾನಪಡಬೇಡಿ. ಬೆಳ್ಳಗೆ ಅಥವಾ ಕರ್ರಗಾಗಿ ನೋವೇ ಇಲ್ಲದ ಗಾಯ ಅತ್ಯಂತ ಆಳವಾದದ್ದು, ಅಲ್ಲಿ ನರಗಳೇ ಸುಟ್ಟಿರುತ್ತವೆ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ಆಂಬುಲೆನ್ಸಿಗೆ 108ಕ್ಕೆ ಫೋನು ಮಾಡಿರಿ. ಬೆಂಗಳೂರಿನವರಿಗೆ ಸುಟ್ಟ ಗಾಯಕ್ಕೆ ವಿಕ್ಟೋರಿಯಾ, ಕಣ್ಣಿಗೆ ಮಿಂಟೋ ಆಸ್ಪತ್ರೆಗಳಿವೆ. ಬೇರೆ ಊರಿನವರು ಹಬ್ಬದ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ, ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಪಟಾಕಿಯ ಪೊಟ್ಟಣ ಬಿಚ್ಚುವ ಮೊದಲು ಎರಡು ಬಕೆಟ್ ನೀರು ಅಂಗಳಕ್ಕೆ ಬರಲಿ. ಒಂದು ಉರಿದ ಕಡ್ಡಿಗಳಿಗೆ, ಇನ್ನೊಂದು ಯಾರಾದರೂ ಸುಟ್ಟುಕೊಂಡರೆ. ಎರಡನೆಯದು ಬಳಕೆಗೆ ಬಾರದೆ ಉಳಿದರೆ ಬೆಳಿಗ್ಗೆ ತುಳಸಿಗಿಡಕ್ಕೆ ಹುಯ್ಯಿರಿ.