ಚಳಿ ಕಳೆದ ಮೇಲೆ ಹಿತ್ತಲಿನ ಕೆಲಸ

ಇಂಗ್ಲಿಷ್ ಪಾಠಪುಸ್ತಕಗಳನ್ನು ಓದಿ ಬೆಳೆದ ನಮ್ಮ ಹೆಣ್ಣುಮಕ್ಕಳ ಮನಸ್ಸಿನಲ್ಲಿ ವಸಂತಕಾಲವೆಂದೊಡನೆ ಒಂದು ಚಿತ್ರವು ಮೂಡುವುದುಂಟು. ಹಿಮವು ಕರಗಿತು, ನೆಲವು ಮೆತ್ತಗಾಯಿತು, ಮನೆಯವರೆಲ್ಲರೂ ಸಲಿಕೆ ಹಿಡಿದು ಹೊರಗೆ ಬಂದು ಬೀಜ ಬಿತ್ತಿದರು ಎಂಬುದೇ ಆ ಚಿತ್ರ. ಶೀತದೇಶಗಳಿಗೆ ಇದು ಸರಿಯಾದ ಮಾತು. ಅಲ್ಲಿ ತಿಂಗಳುಗಟ್ಟಲೆ ನೆಲವು ಹೆಪ್ಪುಗಟ್ಟಿರುವುದರಿಂದ ವಸಂತವೇ ಬಿತ್ತನೆಯ ಬಾಗಿಲು. ಆದರೆ ಬೀದರ, ಭಾಲ್ಕಿ, ಔರಾದ ಸೀಮೆಗಳಲ್ಲಿ ಅದೇ ಪಾಠವನ್ನು ನಂಬಿ ಚೈತ್ರಮಾಸದಲ್ಲಿ ಮಡಿ ತುಂಬ ಬೀಜ ಚೆಲ್ಲಿದವಳು ವೈಶಾಖದಲ್ಲಿ ಒಣಗಿದ ಕಡ್ಡಿಗಳನ್ನು ಕಿತ್ತು ಒಲೆಗೆ ಹಾಕಬೇಕಾಗುವುದು. ಬೀಜ ಹೋದುದು ಸಣ್ಣ ನಷ್ಟ. ಆ ಗಿಡಗಳನ್ನು ಬದುಕಿಸುವುದಕ್ಕಾಗಿ ಆಕೆಯಾಗಲಿ ಆಕೆಯ ಮಗಳಾಗಲಿ ಹೊತ್ತ ನೀರಿನ ಕೊಡಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ನಮ್ಮ ಸೀಮೆಯಲ್ಲಿ ಚಳಿಯೇನೂ ಕಡಿಮೆಯಲ್ಲ. ಬೀದರ ನಗರವು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಬಯಲಿನ ಅಂಚಿನಲ್ಲಿ ಕುಳಿತಿದೆ. ಪುಷ್ಯಮಾಸದ ಕೆಲವು ರಾತ್ರಿಗಳಲ್ಲಿ ಉಷ್ಣತೆಯು ೧೦ ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮುಂಜಾನೆ ಕೌದಿಯಿಂದ ಕಾಲು ಹೊರಗೆ ಇಡಲು ಮನಸ್ಸಾಗದು. ಆದರೂ ನಮ್ಮ ಹಿತ್ತಲು ತುಂಬಿ ತುಳುಕುವುದು ಆ ಚಳಿಯಲ್ಲಿಯೇ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಒಯ್ಯುವ ಭಜ್ಜಿಯನ್ನು ಒಮ್ಮೆ ನೆನೆಯಿರಿ. ಮೆಂತ್ಯ, ಅವರೆ, ಹಸಿಗಡಲೆ, ಎಳೆಯ ತೊಗರಿ, ಬದನೆ, ಗಜ್ಜರಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕೂಡುವ ದಿನವದು. ಶೀತದೇಶದವರಿಗೆ ಜೂನ್ ತಿಂಗಳು ಏನೋ ನಮಗೆ ಪುಷ್ಯವು ಅದೇ ಆಗಿರುತ್ತದೆ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡಿಹೋಗುವುದೆಂದು ಹಿರಿಯರು ಹೇಳುವರಷ್ಟೆ. ಅಲ್ಲಿಂದ ಯುಗಾದಿಯ ವರೆಗೆ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ. ಅದೇ ನಮ್ಮ ವಸಂತ. ಅದರ ಹಿಂದೆಯೇ ೪೦ ಡಿಗ್ರಿಯ ಬಿಸಿಲು ಕಾದು ನಿಂತಿರುತ್ತದೆ.

ಹೀಗಿರುವಲ್ಲಿ ಬೇಸಗೆಯ ಹಿತ್ತಲು ಎಷ್ಟು ದೊಡ್ಡದಿರಬೇಕು? ಬೀಜ ಎಷ್ಟು ಇದೆಯೆಂದು ನೋಡಿ ನಿರ್ಣಯಿಸಬಾರದು, ಜಾಗ ಎಷ್ಟು ಇದೆಯೆಂದು ನೋಡಿಯೂ ನಿರ್ಣಯಿಸಬಾರದು. ಮನೆಯ ಬಚ್ಚಲಿನಿಂದ ದಿನಕ್ಕೆ ಎಷ್ಟು ನೀರು ಹೊರಗೆ ಹರಿದುಹೋಗುತ್ತದೆಂಬುದನ್ನು ಅಳೆದು ನಿರ್ಣಯಿಸತಕ್ಕದ್ದು. ಲೆಕ್ಕವು ಕಠಿನವಲ್ಲ, ನಾಲ್ಕನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ಚೈತ್ರ ವೈಶಾಖಗಳ ಬಿಸಿಲಿಗೂ ಒಣಗಾಳಿಗೂ ಕಾಯಿಪಲ್ಯದ ಮಡಿಯು ದಿನಕ್ಕೆ ಆರೇಳು ಮಿಲಿಮೀಟರು ನೀರನ್ನು ಕಳೆದುಕೊಳ್ಳುವುದು. ೧೦೦ ಚದರಡಿಯೆಂದರೆ ೯ ಚದರ ಮೀಟರಿಗೆ ತುಸು ಹೆಚ್ಚು. ಆದಕಾರಣ ಅಷ್ಟು ಮಡಿಗೆ ದಿನಕ್ಕೆ ಸುಮಾರು ೬೦ ಲೀಟರು, ಅಂದರೆ ೧೫ ಲೀಟರಿನ ಕೊಡದಲ್ಲಿ ನಾಲ್ಕು ಕೊಡ ಬೇಕು. ಅಕ್ಕಿ ಬೇಳೆ ತೊಳೆದದ್ದು, ಪಾತ್ರೆ ಬೆಳಗಿದ್ದು, ಮೈ ತೊಳೆದದ್ದು ಎಲ್ಲವೂ ಕೂಡಿ ಐದು ಮಂದಿಯ ಮನೆಯಲ್ಲಿ ಇಷ್ಟು ನೀರು ಹೊರಬೀಳುವುದು. ಅಲ್ಲಿಗೆ ಲೆಕ್ಕ ಸರಿಹೋಯಿತು. ಆಸೆಪಟ್ಟು ಮಡಿಯನ್ನು ೩೦೦ ಚದರಡಿಗೆ ಹಿಗ್ಗಿಸಿದಿರೋ, ದಿನಕ್ಕೆ ಇನ್ನೂ ಎಂಟು ಕೊಡ ತರಬೇಕು. ತುಂಬಿದ ಕೊಡವೊಂದು ೧೫ ಕಿಲೋಗ್ರಾಮಿಗೂ ಮೇಲೆ ತೂಗುವುದು. ಅದನ್ನು ತರುವವರು ಯಾರೆಂದು ಕೇಳಬೇಕಾದುದೇ ಇಲ್ಲ. ಪರೀಕ್ಷೆಯ ತಿಂಗಳುಗಳೂ ನೀರಿನ ಬವಣೆಯ ತಿಂಗಳುಗಳೂ ನಮ್ಮಲ್ಲಿ ಒಟ್ಟಿಗೇ ಬರುವುದನ್ನು ತಂದೆತಾಯಿಗಳು ಗಮನಿಸಬೇಕು. ಹಿತ್ತಲಿನ ನಾಲ್ಕು ಬೆಂಡೆಕಾಯಿಗಾಗಿ ಮಗಳ ಓದಿನ ಹೊತ್ತನ್ನು ಬಾವಿಯ ಕಟ್ಟೆಯ ಮೇಲೆ ಕಳೆಯುವಂತಿದ್ದರೆ ಆ ಬೆಂಡೆಕಾಯಿಯನ್ನು ಸಂತೆಯಿಂದ ತರುವುದೇ ಅಗ್ಗ.

ಮನೆಯಲ್ಲಿ ನಲ್ಲಿ ಇದೆಯಲ್ಲ ಎಂದು ಕೆಲವರು ಹೇಳಬಹುದು. ೨೦೧೬ರ ಏಪ್ರಿಲ್ ತಿಂಗಳಿನಲ್ಲಿ ನಮ್ಮ ನೆರೆಯ ಲಾತೂರಿಗೆ ಮಿರಜಿನಿಂದ ರೈಲುಗಾಡಿಯಲ್ಲಿ ನೀರು ತರಬೇಕಾಯಿತು. ಲಾತೂರಿನ ಮನೆಗಳಲ್ಲಿಯೂ ನಲ್ಲಿಗಳಿದ್ದವು. ಆ ಊರಿಗೆ ನೀರುಣಿಸುವ ಮಾಂಜ್ರಾ ನದಿಯೇ ಮುಂದೆ ಹರಿದು ನಮ್ಮ ಜಿಲ್ಲೆಗೆ ಬರುವುದೆಂಬುದನ್ನು ಮರೆಯಬಾರದು.

ಇನ್ನು ಮಣ್ಣಿನ ವಿಷಯ. ಒಂದೇ ಜಿಲ್ಲೆಯವರಾದರೂ ಬೀದರದ ಮಗಳಿಗೆ ಹೇಳಿದ ಬುದ್ಧಿಯು ಔರಾದಿಗೆ ಸೊಸೆಯಾಗಿ ಹೋದವಳಿಗೆ ಒಪ್ಪದು. ಬೀದರ ನಗರದ ಕೆಳಗಿರುವುದು ಕೆಂಪು ಜಂಬಿಟ್ಟಿಗೆ ಕಲ್ಲು. ಅದು ತೂತುತೂತಾದುದರಿಂದ ಮೇಲೆ ಬಿದ್ದ ನೀರು ತಡವಿಲ್ಲದೆ ಕೆಳಗಿಳಿಯುವುದು. ಅಡಿಯಲ್ಲಿರುವ ಜೇಡಿಯ ಪದರಕ್ಕೆ ತಾಗಿ, ಅಲ್ಲಿಂದ ಮುಂದೆ ಇಳಿಯಲಾರದೆ, ದಿಬ್ಬದ ಪಕ್ಕದಲ್ಲಿ ಝರಿಯಾಗಿ ಹೊರಡುವುದು. ಗುರು ನಾನಕ ಝಿರಾದಲ್ಲಿಯೂ ನರಸಿಂಹ ಝರಣಿಯ ಗವಿಯಲ್ಲಿಯೂ ನಾವು ಕಾಣುವುದು ಇಂಥ ನೀರನ್ನೇ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ಬಳಿ ನೆಲದೊಳಗೆ ಸುರಂಗ ಕೊರೆದು, ಪಾರಸಿಕ ದೇಶದ ಪದ್ಧತಿಯಂತೆ, ಈ ಬಸಿನೀರನ್ನೇ ಹರಿಯಿಸಿಕೊಂಡರು. ಕಲ್ಲಿನ ಈ ಗುಣವು ಊರಿಗೆ ಒಳ್ಳೆಯದು, ಹಿತ್ತಲಿಗೆ ಕೆಟ್ಟದ್ದು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಬೇರಿನ ಕೈಗೆ ಸಿಕ್ಕದು. ಆದುದರಿಂದ ಕೆಂಪು ನೆಲದವರು ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಹೂಳನ್ನು ತಂದು, ಕೊಳೆತ ತಿಪ್ಪೆಗೊಬ್ಬರದೊಡನೆ ಮಡಿಗೆ ಸೇರಿಸಬೇಕು. ಹಿಂದಿನ ಒಕ್ಕಲಿಗರು ಬಂಡಿ ಕಟ್ಟಿ ಹೂಳು ತರುತ್ತಿದ್ದರು. ಕೆರೆಗೂ ಆಳ ಬರುತ್ತಿತ್ತು, ಹೊಲಕ್ಕೂ ಕಸುವು ಬರುತ್ತಿತ್ತು.

ಮಾವು, ಸೀಬೆ, ನುಗ್ಗೆ ಮೊದಲಾದ ಮರಗಳನ್ನು ಮಳೆಗಾಲದಲ್ಲಿ ನೆಡಬೇಕೆಂದಿದ್ದವರು ಅದರ ಗುಂಡಿಯನ್ನು ಈಗಲೇ ತೋಡಿಸತಕ್ಕದ್ದು. ಮಾವಿಗೆ ಉದ್ದ, ಅಗಲ, ಆಳ ಮೂರೂ ಮೂರು ಮೂರು ಅಡಿ. ಜಂಬಿಟ್ಟಿಗೆಯು ನೆಲದೊಳಗೆ ತೇವವಿರುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಕಬ್ಬಿಣದಂತೆ ಗಟ್ಟಿಯಾಗುವುದು. ಈ ಗುಣದಿಂದಲೇ ಅದನ್ನು ಇಟ್ಟಿಗೆಯಂತೆ ಕಡಿದು ಮನೆಕೋಟೆಗಳನ್ನು ಕಟ್ಟಿದರು. ಮಾಘದಲ್ಲಿ ಒಂದು ದಿನಕ್ಕೆ ಮುಗಿಯುವ ಗುಂಡಿಯು ವೈಶಾಖದಲ್ಲಿ ಮೂರು ದಿನ ಹಿಡಿಯುವುದು; ಕೂಲಿಯೂ ಅದಕ್ಕೆ ತಕ್ಕಂತೆ. ತೋಡಿದ ಗುಂಡಿಯನ್ನು ಬಿಸಿಲಿಗೆ ತೆರೆದಿಟ್ಟರೆ ಹುಳುಗಳ ಮೊಟ್ಟೆಯೂ ಜೇಕಿನ ಗೆಡ್ಡೆಯೂ ಬಹುಮಟ್ಟಿಗೆ ಸಾಯುವವು.

ಭಾಲ್ಕಿ, ಔರಾದಗಳ ಎರೆಭೂಮಿಯ ಸ್ವಭಾವವೇ ಬೇರೆ. ಅದು ನೀರನ್ನು ಹಿಡಿದರೆ ಬಿಡದು. ಈ ಗುಣವಿರುವುದರಿಂದಲೇ ಮಳೆ ನಿಂತ ಮೇಲೆ ಬಿತ್ತಿದ ಬಿಳಿಜೋಳವೂ ಕಡಲೆಯೂ ಕುಸುಬೆಯೂ ಬರಿಯ ನೆಲದ ತೇವದಿಂದ ಬೆಳೆದು ಫಲ ಕೊಡುವುವು. ಆದರೆ ಬೇಸಗೆ ಬಂದೊಡನೆ ಎರೆಮಣ್ಣು ಕುಗ್ಗಿ ಬಾಯ್ಬಿಡುವುದು; ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಿದ್ದು ಎಳೆಯ ಬೇರುಗಳು ಹರಿಯುವುವು, ಒಳಗಿನ ತೇವವೂ ಆ ಬಿರುಕಿನಿಂದ ಆರಿಹೋಗುವುದು. ಇದಕ್ಕೆ ಹೆಚ್ಚು ನೀರು ಮದ್ದಲ್ಲ. ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಕುರ್ಚಿಗೆಯಿಂದ ಕೆದಕಿ ಪುಡಿಮಾಡಿ, ಅದರ ಮೇಲೆ ತೊಗರಿಯ ಹೊಟ್ಟನ್ನಾಗಲಿ ಜೋಳದ ದಂಟಿನ ಚೂರನ್ನಾಗಲಿ ಗೇಣುದ್ದ ಹೊದಿಸಿದರೆ ಸಾಕು.

ಎರೆಭೂಮಿಯವರು ಇನ್ನೊಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಬಟ್ಟೆ ಒಗೆದ ನೀರನ್ನು ಮಡಿಗೆ ಬಿಡಬಾರದು. ಸೀಗೆಕಾಯಿಯ ಕಾಲದಲ್ಲಿ ಅದರಿಂದ ದೋಷವಿರಲಿಲ್ಲ. ಈಗಿನ ಸಾಬೂನಿನ ಪುಡಿಗಳಲ್ಲಿ ಸೋಡಿಯಂ ಲವಣಗಳು ಹೆಚ್ಚು. ಅವು ಎರೆಮಣ್ಣಿಗೆ ಸೇರಿದರೆ ಮಣ್ಣಿನ ಹರಳುಗಳು ಒಡೆದು ನುಣ್ಣನೆಯ ರಾಡಿಯಾಗಿ, ಒಣಗಿದ ಮೇಲೆ ನೀರು ಇಳಿಯದ ಹಲ್ಲೆಯಾಗುವುದು. ಒಮ್ಮೆ ಹೀಗಾದರೆ ಜಿಪ್ಸಂ ಹಾಕಿ ಸಿಹಿನೀರಿನಿಂದ ತೊಳೆಯಬೇಕಾಗುವುದು. ಬೇಸಗೆಯಲ್ಲಿ ಅಷ್ಟು ನೀರು ಎಲ್ಲಿಂದ ತರಬೇಕು?

ಮಣ್ಣಿನ ಈ ದುರ್ಗುಣವನ್ನೇ ನಮ್ಮ ಹಿರಿಯರು ಮಾಳಿಗೆಗೆ ಗುಣವಾಗಿ ಮಾಡಿಕೊಂಡರೆಂಬುದು ಸ್ವಾರಸ್ಯದ ಸಂಗತಿ. ಹಳ್ಳದ ದಂಡೆಯ ಸವಳು ಮಣ್ಣು ಇಂಥ ಸೋಡಿಯಂ ಸೇರಿದ ಮಣ್ಣೇ. ಮೃಗಶಿರಾ ಮಳೆಗೆ ಮುಂಚೆ ಅದನ್ನು ತಂದು ಮಾಳಿಗೆಯ ಮೇಲೆ ಹರಡಿದರೆ ಮೊದಲನೆಯ ಹನಿಗೇ ಅದು ನುಣ್ಣಗಾಗಿ ರಂಧ್ರಗಳನ್ನು ಮುಚ್ಚಿ ನೀರನ್ನು ತಡೆಯುವುದು. ಈಗ ಸಿಮೆಂಟಿನ ತಾರಸಿಗಳೇ ಹೆಚ್ಚಾದರೂ ಮಣ್ಣಿನ ಮಾಳಿಗೆಯ ಮನೆಗಳು ಹಳ್ಳಿಗಳಲ್ಲಿ ಉಳಿದಿವೆ. ಅಂಥ ಮನೆಯವರು ಈ ಕೆಲಸವನ್ನು ಜ್ಯೇಷ್ಠದ ವರೆಗೆ ತಳ್ಳದೆ ಚೈತ್ರದಲ್ಲಿಯೇ ಮುಗಿಸುವುದು ಲೇಸು. ಸುಣ್ಣ ಬಳಿಯುವುದು, ಶ್ಯಾವಿಗೆ ಸಂಡಿಗೆಗಳನ್ನು ಒಣಗಿಸುವುದು, ಕಾಳುಕಡಿಗಳನ್ನು ಬಿಸಿಲಿಗೆ ಹಾಕಿ ಬೇವಿನೆಲೆ ಬೆರಸಿ ತುಂಬುವುದು, ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದು ಇವುಗಳನ್ನು ಯಾರೂ ನಮ್ಮ ಗೃಹಿಣಿಯರಿಗೆ ಕಲಿಸಬೇಕಾಗಿಲ್ಲ.

ಆದರೆ ಗಡಿಗೆಯ ಒಂದು ಉಪಾಯವನ್ನು ಹಲವರು ಮರೆತಿರುವುದರಿಂದ ಇಲ್ಲಿ ಹೇಳುತ್ತೇನೆ. ಕುಂಬಾರನಿಂದ ಎಂಟು ಹತ್ತು ಲೀಟರು ಹಿಡಿಯುವ, ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ತರಿಸಿ, ಮಡಿಯ ನಡುವೆ ಕಂಠದ ವರೆಗೆ ಹೂಳಬೇಕು. ಅದರ ಸುತ್ತಲೂ ಒಂದು ಗೇಣು ದೂರದಲ್ಲಿ ಹೀರೆ, ಸೋರೆ, ಸೌತೆ ಇವುಗಳಲ್ಲಿ ಯಾವುದಾದರೊಂದರ ನಾಲ್ಕು ಬೀಜಗಳನ್ನು ಊರಿ, ಗಡಿಗೆಗೆ ನೀರು ತುಂಬಿ ಬಾಯಿಗೆ ತಟ್ಟೆ ಮುಚ್ಚತಕ್ಕದ್ದು. ಮಣ್ಣು ಒಣಗಿದಂತೆ ಗಡಿಗೆಯು ತಾನೇ ಬೆವರಿ ಬೇರಿಗೆ ನೀರು ಕೊಡುವುದು, ತೇವವಿದ್ದಾಗ ಸುಮ್ಮನಿರುವುದು. ಎರಡು ಮೂರು ದಿನಗಳಿಗೊಮ್ಮೆ ತುಂಬಿದರೆ ಸಾಕು. ನೆಲದ ಮೇಲ್ಭಾಗವು ಒಣಗಿಯೇ ಇರುವುದರಿಂದ ಕಳೆಯೂ ಏಳದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಚೀಣದೇಶದ ಫಾನ್ ಶೆಂಗ್‌ಝಿ ಎಂಬ ಪಂಡಿತನು ತನ್ನ ಕೃಷಿಗ್ರಂಥದಲ್ಲಿ ಕರಬೂಜದ ಬಳ್ಳಿಗೆ ಈ ಕ್ರಮವನ್ನೇ ವಿಧಿಸಿದ್ದಾನೆ. ಗಡಿಗೆಗೆ ಪಾತ್ರೆ ತೊಳೆದ ಜಿಡ್ಡಿನ ನೀರನ್ನು ಹಾಕಬಾರದು, ರಂಧ್ರಗಳು ಕಟ್ಟುವವು. ಅಕ್ಕಿ ತೊಳೆದ ನೀರನ್ನು ಸೋಸಿ ಹಾಕಬಹುದು.

ನೂರು ಚದರಡಿಯ ಮಡಿಯಲ್ಲಿ ಏನು ಬಿತ್ತಬೇಕೆಂದರೆ, ಬಿಸಿಲನ್ನು ಬಲ್ಲ ಜಾತಿಗಳನ್ನೇ: ಚವಳಿ, ಬೆಂಡೆ, ಪುಂಡಿ, ರಾಜಗಿರಿ. ಶಿವರಾತ್ರಿಗೆ ಮೊದಲೇ ಊರಿದರೆ ಬಿಸಿಲು ಬಲಿಯುವಷ್ಟರಲ್ಲಿ ಬೇರುಗಳು ಆಳಕ್ಕಿಳಿದಿರುವವು. ಬಚ್ಚಲಿನ ಮೋರಿಯ ಪಕ್ಕದಲ್ಲಿ ಒಂದು ಕರಿಬೇವು, ಎರಡು ಬಾಳೆ, ಸ್ವಲ್ಪ ಕೆಸು. ಒಂದು ಮಲ್ಲಿಗೆಯ ಬಳ್ಳಿಯೂ ಇರಲಿ. ಚಳಿಯಲ್ಲಿ ಅದನ್ನು ಕತ್ತರಿಸಿ ಕೆಲವು ದಿನ ನೀರು ನಿಲ್ಲಿಸಿ ಮತ್ತೆ ಕೊಟ್ಟರೆ ಯುಗಾದಿಯ ಹೊತ್ತಿಗೆ ಮೊಗ್ಗಿಡುವುದು. ಮಲ್ಲಿಗೆಗೆ ನೀರಿನ ಲೆಕ್ಕ ಕೇಳುವಷ್ಟು ಕಠೋರತೆ ನನಗಿಲ್ಲ.

ಬಿತ್ತುವುದಕ್ಕಿಂತ ಬೀಜ ಹಿಡಿಯುವುದೇ ಈ ಕಾಲದ ಮುಖ್ಯವಾದ ಕೆಲಸ. ಬಿಸಿಲು ಹತ್ತಿದೊಡನೆ ಮೆಂತ್ಯ ಕೊತ್ತಂಬರಿಗಳು ದಂಟೆದ್ದು ಹೂ ಬಿಡುವವು. ಕೆಲಸ ಕೆಟ್ಟಿತೆಂದು ಕಿತ್ತೆಸೆಯದೆ ಬಲಿಯಲು ಬಿಡಬೇಕು. ಬದನೆ, ಬೆಂಡೆಗಳಲ್ಲಿ ಅತ್ಯಂತ ಒಳ್ಳೆಯ ಗಿಡವನ್ನು ಮೊದಲೇ ಗೊತ್ತುಮಾಡಿ ದಾರ ಕಟ್ಟಿಡಬೇಕು. ತಿಂದು ಉಳಿದ ಕೊನೆಯ ಕಾಯಿಗಳಿಂದ ಬೀಜ ಹಿಡಿಯುವುದು ಲೋಭದ ಮಾತು; ಅದರಿಂದ ವರ್ಷವರ್ಷಕ್ಕೆ ಜಾತಿಯು ಕೆಡುವುದು. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿ ಬೆರಸಿ, ಗಡಿಗೆಯಲ್ಲಿ ತುಂಬಿ, ಬಾಯಿಗೆ ಸಗಣಿಮಣ್ಣು ಮೆತ್ತಿಡುವುದು ಹಳೆಯ ಕ್ರಮ. ನಮ್ಮ ಗಡಿಯಾಚೆ ಜಹೀರಾಬಾದಿನ ಸುತ್ತಿನ ಹಳ್ಳಿಗಳಲ್ಲಿ ಬಡ ಒಕ್ಕಲುಗಿತ್ತಿಯರ ಸಂಘಗಳು ಹೀಗೆಯೇ ಹಳೆಯ ಧಾನ್ಯಗಳ ಬೀಜಗಳನ್ನು ಕಾಪಾಡಿಕೊಂಡು ಬಂದಿವೆ. ಅವರ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಬಹುಮಾನವು ದೊರೆಯಿತು. ಅಕ್ಷರ ಬಾರದ ತಾಯಂದಿರು ಕೂಡಿ ಮಾಡಿದ ಕೆಲಸವನ್ನು ಓದುಬರಹ ಬಲ್ಲ ನಮ್ಮ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಮಾಡಲಾರರೆ?

ರೋಹಿಣಿಯಲ್ಲಿ ಗಡಿಗೆ ತೆರೆದು ಹತ್ತು ಬೀಜಗಳನ್ನೆಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿರಿ. ವಾರದೊಳಗೆ ಎಂಟು ಮೊಳೆತರೆ ಬೀಜ ಚೆನ್ನಾಗಿದೆ. ಐದೇ ಮೊಳೆತರೆ ಎರಡರಷ್ಟು ಬಿತ್ತಬೇಕು. ಅದಕ್ಕೂ ಕಡಿಮೆಯಾದರೆ ನೆರೆಮನೆಯವರನ್ನಾಗಲಿ ಜನವಾಡದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕೇಳುವುದು ಒಳ್ಳೆಯದು. ಮೊದಲನೆಯ ಮಳೆ ಬಿದ್ದ ಸಂಜೆಯೇ ಬಿತ್ತಲು ಆತುರಪಡಬೇಡಿರಿ. ಮರುದಿನ ಬೆಳಿಗ್ಗೆ ಮಡಿಯಲ್ಲಿ ಕೈಯಿಂದ ಅಗೆದು ನೋಡಿ, ಒಂದು ಗೇಣು ಆಳದ ವರೆಗೆ ಮಣ್ಣು ತೊಯ್ದಿದ್ದರೆ ಬೀಜ ಊರಿರಿ. ಕೇವಲ ನಾಲ್ಕು ಬೆರಳು ತೊಯ್ದು ಕೆಳಗೆ ಒಣಮಣ್ಣು ಸಿಕ್ಕಿದರೆ ಗಡಿಗೆಯ ಬಾಯಿ ಮತ್ತೆ ಮುಚ್ಚಿ ಇನ್ನೊಂದು ಮಳೆಗೆ ಕಾಯಿರಿ.