ಬಿಸಿನೀರಿನ ಶವರ್: ಮೊದಲು ಅರ್ಥಿಂಗ್, ಆಮೇಲೆ ಸ್ನಾನ

ತಿಂಗಳ ಪಾಠ



ಅರಸೀಕೆರೆ ಕಡೆ ತೆಂಗಿನ ಮಟ್ಟೆ, ಗರಿ, ಕರಟ. ಬೇಲೂರು, ಹಳೇಬೀಡು ಕಡೆ ತೋಟದ ಸೌದೆ. ಇವುಗಳಿಂದ ಬಚ್ಚಲು ಒಲೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಈಗ ಗುಂಪಿನ ಸಭೆಗಳಲ್ಲಿ, "ಸಿಸ್ಟರ್, ಬಚ್ಚಲಿಗೆ ಕರೆಂಟಿನ ಶವರ್ ಹಾಕಿಸ್ಬೇಕು, ಸಾಲ ಸಿಗುತ್ತಾ?" ಎಂಬ ಮಾತು ಕೇಳುತ್ತೇವೆ. ಬೇಡ ಎಂದು ನಾವು ಹೇಳುವುದಿಲ್ಲ. ಹೊಗೆ ಕುಡಿಯುವುದು ತಪ್ಪುತ್ತದೆ. ಬಾಣಂತಿಯರಿಗೆ, ವಯಸ್ಸಾದವರಿಗೆ, ಶಾಲೆಗೆ ಹೊರಡುವ ಮಕ್ಕಳಿಗೆ ಅನುಕೂಲ. ಆದರೆ ಸಾಲದ ಲೆಕ್ಕದಲ್ಲಿ ಹೀಟರಿನ ಬೆಲೆ ಇರುತ್ತದೆ, ಅದನ್ನು ಸುರಕ್ಷಿತವಾಗಿ ಕೂರಿಸುವ ಖರ್ಚು ಬಿಟ್ಟುಹೋಗುತ್ತದೆ. ಜೀವಕ್ಕೆ ಅಪಾಯ ಬರುವುದು ಅಲ್ಲಿಂದಲೇ.

ಹಂಡೆಗೂ ಶವರಿಗೂ ಇರುವ ವ್ಯತ್ಯಾಸ

ನೀರಿಗೆ ಇಳಿಬಿಡುವ ಕಾಯಿಲ್ ಬಳಸುವವರು ಸ್ವಿಚ್ ಆಫ್ ಮಾಡಿ, ಪಿನ್ ಕಿತ್ತು, ಆಮೇಲೆ ನೀರು ಮುಟ್ಟಬೇಕು. ನೀರು ತುಂಬಿಡುವ ಗೀಸರನ್ನೂ ಕಾದ ಮೇಲೆ ಆಫ್ ಮಾಡಿ ಸ್ನಾನ ಮಾಡಬಹುದು. ಆದರೆ ಆ ಕ್ಷಣದಲ್ಲೇ ನೀರು ಕಾಯಿಸಿ ಕೊಡುವ ಇನ್‌ಸ್ಟಂಟ್ ಹೀಟರ್ ಮತ್ತು ಕರೆಂಟಿನ ಶವರ್ ಹಾಗಲ್ಲ. ನಾವು ಒದ್ದೆ ಮೈಯಲ್ಲಿ ಕೆಳಗೆ ನಿಂತಿರುವಾಗಲೇ ತಲೆಯ ಮೇಲೆ ಕರೆಂಟು ಓಡುತ್ತಿರಬೇಕು. ಒಳಗಿನ ಕಾಯಿಲ್ ಸವೆದು ಬಿರುಕು ಬಿಟ್ಟರೆ ಕರೆಂಟು ನೀರಿಗೆ ಮತ್ತು ನಲ್ಲಿಗೆ ಇಳಿಯುತ್ತದೆ. ಅದಕ್ಕೆ ಬೇರೆ ದಾರಿ ಇಲ್ಲದಿದ್ದರೆ ನಮ್ಮ ಮೈಯೇ ದಾರಿ.

ಬ್ರೆಜಿಲ್ ದೇಶದಲ್ಲಿ ಕರೆಂಟಿನ ಶವರ್ ಬಡವರ ಮನೆಗಳಲ್ಲೂ ಸಾಮಾನ್ಯ. ಅಲ್ಲಿ 2006ರಲ್ಲಿ ಹೊಸದಾಗಿ ಕಟ್ಟುವ ಕಟ್ಟಡಗಳಿಗೆ ಅರ್ಥಿಂಗ್ ಕಡ್ಡಾಯವೆಂದು ಕಾನೂನನ್ನೇ ಮಾಡಿದರು.

"ಎಂ.ಸಿ.ಬಿ. ಇದೆಯಲ್ಲ, ಸಾಲ್ದಾ?"

ಸಾಲದು. ಇದನ್ನು ಲೆಕ್ಕ ಹಾಕಿ ನೋಡೋಣ. ಹೀಟರಿನ ಲೈನಿಗೆ ಹಾಕುವ ಎಂ.ಸಿ.ಬಿ. 16 ಆಂಪ್ಸ್ ಇರುತ್ತದೆ, ಅಂದರೆ 16,000 ಮಿಲಿ ಆಂಪ್ಸ್. ಒದ್ದೆ ಮೈಗೆ 230 ವೋಲ್ಟ್ ತಗುಲಿದರೆ ಸುಮಾರು 200 ಮಿಲಿ ಆಂಪ್ಸ್ ಹರಿಯಬಹುದು. ಹೃದಯ ನಿಲ್ಲಲು ಅಷ್ಟು ಸಾಕು. ಆದರೆ ಎಂ.ಸಿ.ಬಿ.ಗೆ ಅದು ಲೆಕ್ಕಕ್ಕೇ ಇಲ್ಲ, ಸುಮ್ಮನೆ ಕೂತಿರುತ್ತದೆ. ಎಂ.ಸಿ.ಬಿ. ಮತ್ತು ಫ್ಯೂಸ್ ಕಾಯುವುದು ವೈರನ್ನು, ಮನುಷ್ಯರನ್ನಲ್ಲ.

ಮನುಷ್ಯರನ್ನು ಕಾಯುವುದು ಆರ್.ಸಿ.ಸಿ.ಬಿ. ಅಂಗಡಿಯಲ್ಲಿ ಕೆಲವರು ಇದನ್ನು ಇ.ಎಲ್.ಸಿ.ಬಿ. ಎಂದೂ ಕರೆಯುತ್ತಾರೆ. ಹೋದ ಕರೆಂಟು ಪೂರ್ತಿ ವಾಪಸ್ಸು ಬಂತೇ ಎಂದು ಇದು ಸದಾ ತೂಗಿ ನೋಡುತ್ತದೆ. 30 ಮಿಲಿ ಆಂಪ್ಸ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಕೊಳ್ಳುವಾಗ 30 ಮಿಲಿ ಆಂಪ್ಸಿನದ್ದೇ ಕೇಳಿ. 100 ಅಥವಾ 300ರದ್ದು ಮೈ ಕಾಯಲು ಆಗುವುದಿಲ್ಲ.

ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ. ಜೋಡೆತ್ತುಗಳಿದ್ದಂತೆ. ಅರ್ಥಿಂಗ್ ಸರಿಯಿದ್ದರೆ ಸೋರಿದ ಕರೆಂಟು ಭೂಮಿಗೆ ಹೋಗುತ್ತದೆ, ಆಗ ನಾವು ನಲ್ಲಿ ಮುಟ್ಟುವ ಮೊದಲೇ ಆರ್.ಸಿ.ಸಿ.ಬಿ. ಬೀಳುತ್ತದೆ. ಎರಡೂ ಬೇಕು.

ಹಾಕಿಸುವ ಮೊದಲು ನೋಡಬೇಕಾದ್ದು

1. ಲೋಡ್: 3,000 ವಾಟ್ಸಿನ ಹೀಟರ್ 13 ಆಂಪ್ಸ್ ಎಳೆಯುತ್ತದೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕಗಳು ದೀಪಕ್ಕೆಂದು ಕೊಟ್ಟವು, ಇಷ್ಟು ಭಾರ ಹೊರಲಾರವು. ಮೊದಲು ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ.

2. ವೈರ್: ದೀಪದ ಲೈನಿನಿಂದ ಎಳೆಯಬೇಡಿ. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಬರಲಿ. ತಾಮ್ರದ ವೈರ್ 2.5 ಚದರ ಮಿ.ಮೀ.ಗಿಂತ ತೆಳುವಾಗಿರಬಾರದು; ದೂರ ಹೆಚ್ಚಿದ್ದರೆ 4 ಹಾಕಿಸಿ. ದಪ್ಪ ಪಿನ್ನಿನ 16 ಆಂಪ್ಸ್ ಸಾಕೆಟ್ಟೇ ಬೇಕು. ಮೂರನೇ ಪಿನ್ ಮುರಿದು, ಎರಡು ಪಿನ್ ಸಿಕ್ಕಿಸುವುದು ಖಂಡಿತ ಬೇಡ.

3. ಅರ್ಥಿಂಗ್: ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಗುಂಡಿ ಎಲ್ಲಿದೆ ಎಂದು ಕಣ್ಣಾರೆ ನೋಡಿ, ಮೀಟರಿನಲ್ಲಿ ಅಳೆದು ತೋರಿಸಲು ಹೇಳಿ. ನೀರಿನ ಪೈಪಿಗೆ ಅಥವಾ ನ್ಯೂಟ್ರಲ್ಲಿಗೆ ಅರ್ಥ್ ಕಟ್ಟಲು ಬಿಡಬೇಡಿ. ಅರಸೀಕೆರೆಯಂಥ ಬಯಲು ಸೀಮೆಯಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ಥಿಂಗ್ ಸೋಲುತ್ತದೆ. ವಾರಕ್ಕೊಮ್ಮೆ ಗುಂಡಿಗೆ ಎರಡು ಬಿಂದಿಗೆ ನೀರು ಹಾಕಿ.

4. ಜಾಗ: ಸ್ವಿಚ್ ಬಚ್ಚಲ ಹೊರಗಿರಲಿ. ಹೀಟರ್ ನೀರು ಚಿಮ್ಮದಷ್ಟು ಎತ್ತರದಲ್ಲಿರಲಿ.

5. ಗುರುತು: ಐ.ಎಸ್.ಐ. ಗುರುತು ಇಲ್ಲದ ಅಗ್ಗದ ಮಾಲು, ನಲ್ಲಿಗೇ ಸಿಕ್ಕಿಸುವ ಪ್ಲಾಸ್ಟಿಕ್ ಹೀಟರ್ ಕೊಳ್ಳಬೇಡಿ.

6. ಕೆಲಸಗಾರ: ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ರಸೀದಿ ಪಡೆಯಿರಿ. "ನಮ್ ಭಾವನ ಮಗ ಮಾಡ್ಕೊಡ್ತಾನೆ" ಎಂಬ ಉಳಿತಾಯ ಬೇಡ.

ಎಷ್ಟು ನೀರು, ಎಷ್ಟು ಬಿಲ್ಲು?

ಟಿ.ವಿ.ಯಲ್ಲಿ ತೋರಿಸುವ ಹಾಗೆ ಶವರ್ ಧೋ ಎಂದು ಸುರಿಯುವುದಿಲ್ಲ. 3,000 ವಾಟ್ಸಿನದ್ದು ನೀರನ್ನು 20 ಡಿಗ್ರಿ ಬಿಸಿ ಮಾಡಿ ಕೊಡುವುದು ನಿಮಿಷಕ್ಕೆ ಎರಡು ಲೀಟರಿನಷ್ಟು. ವೋಲ್ಟೇಜ್ 180ಕ್ಕೆ ಇಳಿದರೆ ಶಾಖ ನೂರಕ್ಕೆ ಅರವತ್ತು ಪಾಲು ಮಾತ್ರ. ಒಂದು ಬಕೆಟ್, ಅಂದರೆ 20 ಲೀಟರ್ ನೀರಿಗೆ ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ 2, ತಿಂಗಳಿಗೆ 60 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಇದೆ, ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಇದನ್ನೂ ಲೆಕ್ಕ ಹಾಕಿಯೇ ಸಾಲಕ್ಕೆ ಬನ್ನಿ.

"ಹಾಗಾದ್ರೆ ಗ್ಯಾಸ್ ಗೀಸರೇ ವಾಸಿ" ಎನ್ನುವವರಿಗೂ ಒಂದು ಮಾತು. ಗಾಳಿಯಾಡದ ಬಚ್ಚಲಲ್ಲಿ ಅದರಿಂದ ಬಣ್ಣ, ವಾಸನೆ ಇಲ್ಲದ ವಿಷಾನಿಲ ತುಂಬಿ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಸಾಯುತ್ತಾರೆ. ಅದನ್ನು ಬಚ್ಚಲೊಳಗೆ ಇಡಲೇಬಾರದು.

ಹಾಕಿಸಿದ ಮೇಲೆ

ಆರ್.ಸಿ.ಸಿ.ಬಿ. ಮೇಲಿನ "ಟಿ" ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ, ಬದಲಿಸುವವರೆಗೆ ಹೀಟರ್ ಬಳಸಬೇಡಿ. ಮತ್ತೆ ಮತ್ತೆ ತಾನಾಗಿ ಬೀಳುತ್ತಿದ್ದರೆ, "ಇದೊಂದು ಕಾಟ" ಎಂದು ಕಿತ್ತು ನೇರ ವೈರ್ ಕೊಡಿಸಬೇಡಿ. ಎಲ್ಲೋ ಸೋರುತ್ತಿದೆ ಎಂದು ಅದು ಕೂಗಿ ಹೇಳುತ್ತಿದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲ್ ಮೇಲೆ ಸುಣ್ಣದಂಥ ಪದರ ಕಟ್ಟಿ ಬೇಗ ಸುಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಿ. ನಲ್ಲಿ ಮುಟ್ಟಿದಾಗ ಸ್ವಲ್ಪ "ಜುಂ" ಎಂದರೂ ಅಂದೇ ನಿಲ್ಲಿಸಿ. ಸ್ವಲ್ಪ ಶಾಕ್ ಎಂಬುದು ಇಲ್ಲ.

ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಮುಟ್ಟಬೇಡಿ. ತಾಯಿ ಕರುಳು ತಡೆಯುವುದಿಲ್ಲ, ನಿಜ. ಆದರೆ ಮುಟ್ಟಿದರೆ ಇಬ್ಬರೂ ಹೋಗುತ್ತಾರೆ. ಮೊದಲು ಮೇನ್ ಆಫ್ ಮಾಡಿ. ಆಮೇಲೆ 108ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಬಲವಾಗಿ, ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಸಲ ಒತ್ತುತ್ತಲೇ ಇರಿ. ಕಂಬದ ಲೈನಿನ ತೊಂದರೆಗೆ 1912.

ಗುಂಪಿನಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ

1. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅರ್ಥಿಂಗ್ ಇದೆ? ಎಷ್ಟರಲ್ಲಿ ಆರ್.ಸಿ.ಸಿ.ಬಿ. ಇದೆ?

2. ಹೀಟರ್ ಸಾಲ ಕೊಡುವಾಗ ಅರ್ಥಿಂಗ್, ಆರ್.ಸಿ.ಸಿ.ಬಿ. ಖರ್ಚನ್ನೂ ಸೇರಿಸಿಯೇ ಕೊಡಬೇಕೆಂದು ನಿರ್ಣಯ ಮಾಡೋಣವೇ?

3. ಒಂದೇ ದಿನ ಲೈಸೆನ್ಸ್ ಇರುವವರನ್ನು ಕರೆಸಿ ಎಲ್ಲ ಸದಸ್ಯರ ಮನೆ ನೋಡಿಸಿದರೆ ತಲೆಗೆ ಎಷ್ಟು ಬೀಳುತ್ತದೆ?

4. ತಿಂಗಳ ಮೊದಲ ಸಭೆಗೆ ಬರುವ ಮುನ್ನ "ಟಿ" ಗುಂಡಿ ಒತ್ತಿ ಬಂದವರು ಯಾರು?

ಹಣ ಸಾಲದೆ ಬಂದರೆ ಶವರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ.ಯನ್ನು ಈ ವರ್ಷವೇ ಹಾಕಿಸಿ. ಅವು ಮಿಕ್ಸಿ, ಫ್ರಿಜ್, ನೀರಿನ ಮೋಟಾರ್ ಮುಟ್ಟುವ ಕೈಯನ್ನೂ ಕಾಯುತ್ತವೆ. ಅಲ್ಲಿಯವರೆಗೆ ಹಂಡೆ ಇದ್ದೇ ಇದೆ.