ಪಹಣಿಯಲ್ಲಿ ಹೆಸರಿದೆ, ಹೊಲ ಕೈಗೆ ಬಂದಿಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹೋಗಿ ಸರ್ವರ್ ಕೆಲಸಕ್ಕೆ ಸೇರಿರುವ ತಮ್ಮ-ತಂಗಿಯರೇ,

ಪುಣೆ–ಹೈದರಾಬಾದ್ ಹೆದ್ದಾರಿ ಈ ಎರಡೂ ಊರುಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಹುಮನಾಬಾದಿನ ಮೇಲೆ ಹಾದುಹೋಗುವ ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಎಂಜಿನಿಯರಿಂಗ್, ಡಿಪ್ಲೊಮಾ ಮುಗಿಸಿ ಈ ದಾರಿ ಹಿಡಿದವರಲ್ಲಿ ಕೆಲವರಿಗೆ ಸಿಗುವ ಮೊದಲ ಕೆಲಸ ಯಾವುದೋ ಸಂಸ್ಥೆಯ ಖಾಸಗಿ ಕ್ಲೌಡ್ ನೋಡಿಕೊಳ್ಳುವುದು. ಅಲ್ಲಿ ಬಲುಬೇಗ ಎದುರಾಗುವ ದೂರು ಇದು: ಹೊಸ ವಿಎಂ (ವರ್ಚುವಲ್ ಯಂತ್ರ) ಎದ್ದಿದೆ, ಡ್ಯಾಶ್‌ಬೋರ್ಡಿನಲ್ಲಿ ಅದರ ಐಪಿ ವಿಳಾಸ ಕಾಣುತ್ತಿದೆ, ಪಿಂಗ್ ಮಾಡಿದರೆ ಉತ್ತರವಿಲ್ಲ.

ಹೊಸಬರು ಆಗ ಮಾಡುವುದೇನು? ಒಮ್ಮೆ ರೀಬೂಟ್, ಮತ್ತೊಮ್ಮೆ ರೀಬೂಟ್. ಆಗಲೂ ಬಾರದಿದ್ದರೆ ಕನ್ಸೋಲಿಗೆ ಹೊಕ್ಕು ಆ ವಿಳಾಸವನ್ನು ಕೈಯಾರೆ ಬರೆದುಬಿಡುವುದು. ಎಷ್ಟೋ ಸಲ ಪಿಂಗ್ ಬಂದುಬಿಡುತ್ತದೆ, ಟಿಕೆಟ್ ಮುಚ್ಚುತ್ತದೆ. ಈ ಚಾಳಿಯನ್ನು ಬಿಡಿಸಬೇಕೆಂದೇ ಈ ಪತ್ರ.

ಇಂಥ ಕೆಲಸದ ಬಿಸಿ ಯಾರಿಗೆ ತಟ್ಟುತ್ತದೆ ಎಂದು ತಿಳಿಯಬೇಕಾದರೆ ತಹಶೀಲ್ದಾರ್ ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕು. ಕರ್ನಾಟಕದ ಭೂಮಿ ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಸಿಗುತ್ತಿತ್ತು. ಆಗ ಸರ್ವರ್ ಇರುತ್ತಿದ್ದದ್ದು ಆಯಾ ತಾಲ್ಲೂಕು ಕಚೇರಿಯಲ್ಲೇ. ಈಗ ಇಂಥ ಸೇವೆಗಳು ಬೆಂಗಳೂರಿನ ದತ್ತಾಂಶ ಕೇಂದ್ರದಿಂದ, 600 ಕಿ.ಮೀ.ಗೂ ಹೆಚ್ಚು ದೂರದಿಂದ ಬರುತ್ತವೆ. ಹುಮನಾಬಾದಿನ ಕಿಟಕಿಯಲ್ಲಿ ‘ಸರ್ವರ್ ಡೌನ್’ ಎಂದರೆ ಬಸ್ಸಿನ ಹಣ ತೆತ್ತು ಬಂದ ರೈತ ಬರಿಗೈಯಲ್ಲಿ ಹಳ್ಳಿಗೆ ಮರಳುತ್ತಾನೆ. ದತ್ತಾಂಶ ಕೇಂದ್ರದಲ್ಲಿ ಕೂತ ಬಹುಪಾಲು ಜನರಿಗೆ ಆ ರೈತ ಕಾಣುವುದಿಲ್ಲ. ನಿಮಗೆ ಕಾಣಬೇಕು, ನೀವು ಆ ಊರಿನವರು.

ವಿಎಂಗೆ ವಿಳಾಸ ತಲುಪಿಸುವುದು ಡಿಎಚ್‌ಸಿಪಿ. ಅದರ ಮಾತುಕತೆ ನಾಲ್ಕು ಹೆಜ್ಜೆಯದು. ವಿಳಾಸ ಕೊಡುವವರು ಯಾರಾದರೂ ಇದ್ದೀರಾ ಎಂದು ಯಂತ್ರ ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ, ಅದು ಡಿಸ್ಕವರ್. ಸರ್ವರ್ ಒಂದು ವಿಳಾಸವನ್ನು ಮುಂದಿಡುತ್ತದೆ, ಅದು ಆಫರ್. ಯಂತ್ರ ಅದನ್ನೇ ಬೇಡುವುದು ರಿಕ್ವೆಸ್ಟ್, ಸರ್ವರ್ ಒಪ್ಪುವುದು ಆ್ಯಕ್. ಸರ್ವರ್ 67ನೇ ಪೋರ್ಟಿನಲ್ಲಿ ಕೇಳಿಸಿಕೊಳ್ಳುತ್ತದೆ, ಯಂತ್ರ 68ರಲ್ಲಿ. 1997ರ ಆರ್‌ಎಫ್‌ಸಿ 2131 ಬರೆದಿಟ್ಟ ಈ ಕ್ರಮ ಇವತ್ತಿಗೂ ನಡೆಯುತ್ತಿದೆ. ಕಾಲೇಜು ಲ್ಯಾಬಿನ ಸಾಮಾನ್ಯ ಸರ್ವರ್, ಕೂಗು ಕೇಳಿದ ಮೇಲೆ ಖಾಲಿ ವಿಳಾಸ ಹುಡುಕುತ್ತದೆ. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಆರಂಭಿಸಿದ ಓಪನ್‌ಸ್ಟ್ಯಾಕ್‌ನಲ್ಲಿ ಕ್ರಮ ತಿರುವುಮುರುವು. ಅಲ್ಲಿನ ನ್ಯೂಟ್ರಾನ್ ಎಂಬ ಭಾಗ ವಿಎಂ ಏಳುವ ಮೊದಲೇ ಅದಕ್ಕೊಂದು ಪೋರ್ಟ್ ಸೃಷ್ಟಿಸಿ, ಮ್ಯಾಕ್ ಸಂಖ್ಯೆ, ಐಪಿ ಎರಡನ್ನೂ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಬರೆದದ್ದನ್ನು ತಲುಪಿಸುವುದಷ್ಟೇ ಡಿಎಚ್‌ಸಿಪಿಯ ಪಾಲಿನ ಕೆಲಸ.

ಆದ್ದರಿಂದ ಡ್ಯಾಶ್‌ಬೋರ್ಡ್ ತೋರಿಸುವುದು ಹಂಚಿಕೆಯಾದ ವಿಳಾಸವನ್ನು. ವಿಎಂ ಅದನ್ನು ಪಡೆಯಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪಹಣಿಯಲ್ಲಿ ಹೆಸರು ಏರಿದ ಮಾತ್ರಕ್ಕೆ ಹೊಲ ಸ್ವಾಧೀನಕ್ಕೆ ಬಂದಂತಲ್ಲ ಎಂಬುದನ್ನು ನಮ್ಮ ಕಡೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ಮೊದಲು ವಿಎಂನ ಕನ್ಸೋಲ್ ತೆರೆದು ಅಲ್ಲಿರುವ ವಿಳಾಸ ಓದಿ. ಅದು 169.254ರಿಂದ ಶುರುವಾಗಿದ್ದರೆ ಯಾರೂ ಉತ್ತರಿಸದೆ ಯಂತ್ರ ತಾನೇ ಕಟ್ಟಿಕೊಂಡ ವಿಳಾಸ ಅದು. ವಿಂಡೋಸ್‌ನಲ್ಲಿ ಹೆಚ್ಚಾಗಿ ಕಾಣುತ್ತದೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಜಾಗ ಖಾಲಿಯೇ ಇರುತ್ತದೆ. (ಕ್ಲೌಡಿನ ಮೆಟಾಡೇಟಾ ಸೇವೆಯ ವಿಳಾಸ 169.254.169.254. ಅದೇ ಸಾಲಿನದಾದರೂ ಕೆಲಸ ಬೇರೆ, ಎರಡನ್ನೂ ಕಲಸಬೇಡಿ.) ನಿಮ್ಮ ಸಬ್‌ನೆಟ್ಟಿಗೆ ಸಂಬಂಧವೇ ಇಲ್ಲದ 192.168.1ರ ವಿಳಾಸ ಬಂದಿದ್ದರೆ, ಯಾರೋ ವೈಫೈ ರೂಟರಿನ ಲ್ಯಾನ್ ಕೊಂಡಿಯನ್ನು ಸ್ವಿಚ್ಚಿಗೆ ಚುಚ್ಚಿರಬಹುದು. ಅದೂ ಒಂದು ಡಿಎಚ್‌ಸಿಪಿ ಸರ್ವರೇ, ಕೂಗಿಗೆ ಬೇರೆಯವರಿಗಿಂತ ಮೊದಲೇ ಉತ್ತರಿಸಿಬಿಡಬಹುದು.

ಇನ್ನು ಟಿಸಿಪಿಡಂಪ್ ಹಿಡಿದು ಪ್ಯಾಕೆಟ್ಟಿನ ಹಿಂದೆ ನಡೆಯಬೇಕು. ಕಂಪ್ಯೂಟ್ ನೋಡಿನಲ್ಲಿ ವಿಎಂನ ಟ್ಯಾಪ್ ಇಂಟರ್‌ಫೇಸಿನ ಮೇಲೆ 67, 68ನೇ ಪೋರ್ಟುಗಳನ್ನು ಆಲಿಸಿ. ಡಿಸ್ಕವರ್ ಕಾಣದಿದ್ದರೆ ತಪ್ಪು ವಿಎಂ ಒಳಗೇ ಇದೆ. ಕಂಡರೆ ಬ್ರಿಡ್ಜಿಗೆ ಬನ್ನಿ, ಅಲ್ಲಿಂದ ಭೌತಿಕ ಕಾರ್ಡಿಗೆ, ಅಲ್ಲಿಂದ ನೆಟ್‌ವರ್ಕ್ ನೋಡಿನಲ್ಲಿ ಕ್ಯೂಡಿಎಚ್‌ಸಿಪಿ ಎಂದು ಶುರುವಾಗುವ ನೇಮ್‌ಸ್ಪೇಸಿಗೆ. ಕಾರ್ಡಿನವರೆಗೆ ಬಂದು ಆಚೆ ಕಡೆ ಕಾಣದಿದ್ದರೆ, ಸ್ವಿಚ್ಚಿನ ಟ್ರಂಕ್ ಪೋರ್ಟಿನಲ್ಲಿ ಆ ವಿಎಲ್ಯಾನ್‌ಗೆ ಅನುಮತಿ ಇದೆಯೇ ನೋಡಿ. ನೇಮ್‌ಸ್ಪೇಸಿಗೆ ಬಂದೂ ಉತ್ತರ ಹೊರಡದಿದ್ದರೆ, ಅಲ್ಲಿ ಡಿಎಚ್‌ಸಿಪಿ ಸರ್ವರ್ ಆಗಿರುವ ಡಿಎನ್‌ಎಸ್‌ಮಾಸ್ಕ್‌ನ ಲಾಗ್ ತೆರೆಯಿರಿ. ಕೊಡಲು ವಿಳಾಸವಿಲ್ಲ ಎಂದು ಅಲ್ಲಿದ್ದರೆ, ನ್ಯೂಟ್ರಾನ್ ಬರೆದ ಮ್ಯಾಕ್ ಅದರ ಪಟ್ಟಿಗೆ ಬಂದಿಲ್ಲ, ಇಲ್ಲವೇ ವಿಎಂ ಒಳಗೆ ಯಾರೋ ಮ್ಯಾಕ್ ಬದಲಿಸಿದ್ದಾರೆ. ನಿಮ್ಮಲ್ಲಿ ಒವಿಎನ್ ಇದ್ದರೆ ಡಿಎನ್‌ಎಸ್‌ಮಾಸ್ಕನ್ನು ಹುಡುಕಲೇಬೇಡಿ. ಉತ್ತರ ಅದೇ ಕಂಪ್ಯೂಟ್ ನೋಡಿನಲ್ಲಿ ತಯಾರಾಗುತ್ತದೆ.

ಉತ್ತರ ವಿಎಂನ ಬಾಗಿಲಿಗೆ ಬಂದರೂ ಅದು ಸ್ವೀಕರಿಸದೇ ಇರುವುದುಂಟು. ವರ್ಚುವಲ್ ಕಾರ್ಡುಗಳು ಯುಡಿಪಿ ಚೆಕ್‌ಸಮ್ ಲೆಕ್ಕವನ್ನು ಹಾರ್ಡ್‌ವೇರ್ ಮಾಡಲಿ ಎಂದು ಅರ್ಧಕ್ಕೇ ಬಿಡುತ್ತವೆ. ಡಿಎಚ್‌ಸಿಪಿ ಸರ್ವರ್ ಮತ್ತು ವಿಎಂ‌ ಎರಡೂ ಒಂದೇ ಹೋಸ್ಟಿನಲ್ಲಿದ್ದರೆ ನಡುವೆ ನಿಜವಾದ ಕಾರ್ಡೇ ಇರುವುದಿಲ್ಲ, ಲೆಕ್ಕ ಪೂರ್ಣವಾಗುವುದೂ ಇಲ್ಲ. ಹಳೆಯ ಡಿಎಚ್‌ಕ್ಲೈಂಟ್ ಅಂಥ ಆಫರನ್ನು ಕೆಟ್ಟುಹೋದ ಪ್ಯಾಕೆಟ್ ಎಂದು ಎಸೆಯುತ್ತಿತ್ತು. ಇದಕ್ಕಾಗಿಯೇ ಐಪಿಟೇಬಲ್ಸ್‌ಗೆ ಚೆಕ್‌ಸಮ್ ತುಂಬುವ ನಿಯಮ ಬಂತು. ಟಿಸಿಪಿಡಂಪಿನಲ್ಲಿ ಆಫರ್ ಕಣ್ಣಿಗೆ ಕಾಣುತ್ತಿದ್ದರೂ ರಿಕ್ವೆಸ್ಟ್ ಬಾರದಿದ್ದರೆ ಇದನ್ನು ನೆನೆಯಿರಿ. ಎಷ್ಟು ರೀಬೂಟ್ ಮಾಡಿದರೂ ಇದು ಸರಿಹೋಗದು.

ಟೆಂಪ್ಲೇಟಿನಿಂದ ತೆಗೆದ ಎರಡು ವಿಎಂಗಳು ಒಂದೇ ವಿಳಾಸಕ್ಕೆ ಬಡಿದಾಡುವುದೂ ಸಾಮಾನ್ಯ. ಉಬುಂಟು 18.04ರಿಂದೀಚೆಗೆ ಸರ್ವರ್ ಆವೃತ್ತಿ ಮ್ಯಾಕ್ ಬದಲು ಮಷೀನ್-ಐಡಿಯಿಂದ ಮಾಡಿದ ಗುರುತನ್ನು ಡಿಎಚ್‌ಸಿಪಿಗೆ ಕೊಡುತ್ತದೆ. ಮಷೀನ್-ಐಡಿ ಕಡತ ಖಾಲಿ ಮಾಡದೆ ಪ್ರತಿ ತೆಗೆದರೆ, ಮ್ಯಾಕ್ ಬೇರೆಬೇರೆಯಾದರೂ ಸಾಮಾನ್ಯ ಸರ್ವರಿನ ಕಣ್ಣಿಗೆ ಎರಡೂ ಒಂದೇ.

ಹೆಚ್ಚು ದಾರಿ ತಪ್ಪಿಸುವುದು ಸಮಯ. ನ್ಯೂಟ್ರಾನಿನ ಮಾಮೂಲಿ ಲೀಸ್ (ವಿಳಾಸದ ಅವಧಿ) 86,400 ಸೆಕೆಂಡು, ಅಂದರೆ ಒಂದು ದಿನ. ಅರ್ಧ ಅವಧಿ ಕಳೆದಾಗ, 12 ಗಂಟೆಗೆ, ವಿಎಂ ನವೀಕರಣ ಕೇಳುತ್ತದೆ. ಸಿಗದಿದ್ದರೆ 21ನೇ ಗಂಟೆಗೆ ಇಡೀ ಜಾಲಕ್ಕೆ ಕೂಗುತ್ತದೆ, 24ಕ್ಕೆ ವಿಳಾಸ ಕಳೆದುಕೊಳ್ಳುತ್ತದೆ. ಸೋಮವಾರ ಸಂಜೆ 6ಕ್ಕೆ ಡಿಎಚ್‌ಸಿಪಿ ಸರ್ವರ್ ಸತ್ತಿತೆನ್ನಿ. ಆ ರಾತ್ರಿ ಯಾರಿಗೂ ಗೊತ್ತಾಗುವುದಿಲ್ಲ. ಮಂಗಳವಾರ ಬೆಳಿಗ್ಗೆ 6ರಿಂದ ಸಂಜೆ 6ರೊಳಗೆ ವಿಎಂಗಳು ಒಂದೊಂದಾಗಿ ಬೀಳುತ್ತವೆ. ಬೆಳಿಗ್ಗೆ 10ಕ್ಕೆ ದೂರು ಬಂದಾಗ 9.30ಕ್ಕೆ ಯಾರು ಏನು ಬದಲಿಸಿದರು ಎಂದು ವಿಚಾರಿಸುತ್ತ ಕೂತರೆ ನಿರಪರಾಧಿ ಸಿಕ್ಕಿಬೀಳುತ್ತಾನೆ. ಹಿಂದಿನ ದಿನದ ಲಾಗ್ ಓದಬೇಕು.

ಕರೆಂಟು ಹೋಗಿ ಬಂದಾಗಿನ ಕಥೆ ಇನ್ನೊಂದು. ಸ್ಪ್ಯಾನಿಂಗ್ ಟ್ರೀಯ ಹಳೆಯ ಕ್ರಮದಲ್ಲಿ ಸ್ವಿಚ್ಚಿನ ಪೋರ್ಟ್ ತೆರೆಯಲು 15 ಮತ್ತು 15, ಒಟ್ಟು 30 ಸೆಕೆಂಡು ಬೇಕು. ಅಷ್ಟರೊಳಗೆ ವಿಎಂ ಎದ್ದು, ಕೂಗಿ, ಸೋತು ಸುಮ್ಮನಾಗಿರಬಹುದು. ವಿಳಾಸ ಬಂದ ಮಾತ್ರಕ್ಕೆ ಎಲ್ಲ ಸರಿಯಾಯಿತು ಎನ್ನುವಂತೆಯೂ ಇಲ್ಲ. ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್ಟಿಗೆ 50 ಬೈಟ್ ಹೊರೆ ಹೇರುವುದರಿಂದ, ಕೆಳಗಿನ ಜಾಲದ ಪ್ಯಾಕೆಟ್ ಮಿತಿ 1500 ಬೈಟ್ ಇದ್ದರೆ ವಿಎಂಗೆ 1450 ಮಾತ್ರ ಉಳಿಯುತ್ತದೆ. ಡಿಎಚ್‌ಸಿಪಿಯ ಪ್ಯಾಕೆಟ್ ಚಿಕ್ಕದು, ಪಾರಾಗುತ್ತದೆ. ವಿಎಂ 1500ರಲ್ಲೇ ಉಳಿದಿದ್ದರೆ ದೊಡ್ಡ ಕಡತ ನಡುದಾರಿಯಲ್ಲಿ ನಿಲ್ಲುತ್ತದೆ.

ವಿಳಾಸಗಳ ಲೆಕ್ಕವನ್ನು ಮುಂಚಿತವಾಗಿ ಹಾಕಿ. /24 ಸಬ್‌ನೆಟ್ಟಿನ 256ರಲ್ಲಿ ಎರಡು ಬಳಕೆಗೆ ಬಾರವು, ಗೇಟ್‌ವೇಗೆ ಒಂದು, ಡಿಎಚ್‌ಸಿಪಿ ಸರ್ವರಿಗೇ ಒಂದು, ಉಳಿದದ್ದು 252. ಹುಮನಾಬಾದಿನಿಂದ ಚಿಟಗುಪ್ಪ, ಬಸವಕಲ್ಯಾಣದಿಂದ ಹುಲಸೂರು ಬೇರ್ಪಟ್ಟು ಹೊಸ ತಾಲ್ಲೂಕುಗಳಾದವು. ಆಡಳಿತ ಹೀಗೆ ಬೆಳೆಯುತ್ತಲೇ ಇರುತ್ತದೆ, ಅದನ್ನು ಹೊರುವ ಜಾಲದಲ್ಲಿ ಜಾಗ ಬಿಟ್ಟಿರಬೇಕು. ಲೆಕ್ಕ ಒಂದೇ ಕಡೆ ಇರುವುದೂ ಅಷ್ಟೇ ಮುಖ್ಯ. ಜಿನೀವಾದ ಸರ್ನ್ ಸಂಶೋಧನಾ ಕೇಂದ್ರ 2013ರಿಂದ ಓಪನ್‌ಸ್ಟ್ಯಾಕ್ ನಡೆಸುತ್ತಿದೆ. ಅಲ್ಲಿ ಜಾಲಕ್ಕೆ ಸೇರುವ ಪ್ರತಿ ಯಂತ್ರವೂ, ವಿಎಂ ಕೂಡ, ಒಂದೇ ದಾಖಲೆಯಲ್ಲಿ ನೋಂದಣಿಯಾಗಬೇಕು.

ಕೈಯಾರೆ ಬರೆದ ವಿಳಾಸ ಯಾವ ದಾಖಲೆಯನ್ನೂ ಕೇಳುವುದಿಲ್ಲ, ಅದರ ಕೆಡುಕು ಇಲ್ಲೇ ಇದೆ. ಬೇರೆ ವಿಳಾಸ ಬರೆದರೆ ನ್ಯೂಟ್ರಾನಿನ ಪೋರ್ಟ್ ಭದ್ರತೆ ಆ ಪ್ಯಾಕೆಟ್ಟುಗಳನ್ನು ತಡೆಯುತ್ತದೆ. ಹಂಚಿಕೆಯಾದದ್ದನ್ನೇ ಬರೆದರೆ ಸದ್ಯಕ್ಕೆ ನಡೆಯುತ್ತದೆ, ಸತ್ತ ಡಿಎಚ್‌ಸಿಪಿ ಸರ್ವರ್ ಸತ್ತೇ ಇರುತ್ತದೆ. ಮುಂದೆ ಯಾರೋ ಆ ವಿಎಂನ ಇಮೇಜ್ ತೆಗೆದಾಗ ಅದರೊಳಗೆ ನಿಮ್ಮ ಬರಹವೂ ಹೋಗುತ್ತದೆ.

ಬಸವಕಲ್ಯಾಣದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ವಿಟಿಯು ಪಠ್ಯದಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಇದೆ. ಆದರೆ ಪ್ಯಾಕೆಟ್ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಹುಡುಕಿದ ಅನುಭವ ಕನ್ನಡದಲ್ಲಿ ಬರಹವಾಗಿ ಸಿಗುವುದು ಅಪರೂಪ. ಮುಂದಿನ ಸಲ ಇಂಥ ತೊಡಕು ಬಿಡಿಸಿದಾಗ ಕಂಡದ್ದನ್ನು ಸಮಯ ಸಮೇತ ಕನ್ನಡದಲ್ಲಿ ಬರೆದಿಡಿ. ಸಂಸ್ಥೆಯ ಗುಟ್ಟುಗಳನ್ನು ತೆಗೆದು, ಒಂದು ಪ್ರತಿಯನ್ನು ನೀವು ಓದಿದ ಲ್ಯಾಬಿಗೆ ಕಳುಹಿಸಿ.